ನಳಿಗೆಯ ನಡುವಿನ ಕಲೆ

ಕೆಟಲಿನ ಮುಚ್ಚಳ ಕುಣಿಯುವ ಸದ್ದು ಅಡುಗೆಮನೆಯಿಂದ ಹಿತ್ತಿಲ ತನಕ ಕೇಳುತ್ತಿದ್ದರೂ ಆಲ್ವಿನ್ ಪೈಬಸ್ ಏಳಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ, ಸಿಮೆಂಟಿನ ತೊಟ್ಟಿಗೆ ಒರಗಿಸಿದ ಕೋವಿಯ ಎದುರು, ಕಾಲು ಅಲುಗುವ ಸ್ಟೂಲಿನ ಮೇಲೆ, ಯಾರದೋ ಮನೆಯ ಹೊರಗೆ ಒಳಗಿನಿಂದ ಕರೆ ಬರಲೆಂದು ಕಾಯುವವನಂತೆ ಕೂತಿದ್ದ. ಕೋವಿಯ ಬೋಲ್ಟನ್ನು, ತೋಟೆಯನ್ನು ಒಳತಳ್ಳುವ ಉಕ್ಕಿನ ಅಗುಳಿಯನ್ನು, ಕಳಚಿ ಹಳೆಯ ಟವೆಲಿನ ಮೇಲೆ ಮಲಗಿಸಿದ್ದ. ಎಣ್ಣೆಯ ಸೀಸೆ, ಫ್ಲಾನಲ್ ಬಟ್ಟೆಯ ಚಿಂದಿಗಳು, ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಹುರಿ, ತಗಡಿನ ಆಲಿಕೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಕೈಗಳು ಅಷ್ಟು ಕೆಲಸವನ್ನು ತಾವಾಗಿಯೇ ಮಾಡಿ ಮುಗಿಸಿ, ಈಗ ಯಜಮಾನನ ಅಪ್ಪಣೆಗೆ ಕಾದ ಆಳುಗಳಂತೆ ಮೊಣಕಾಲ ಮೇಲೆ ಕೂತಿದ್ದವು. ಕಿಟಕಿಯ ಆಚೆ ಮಂಜು ಇನ್ನೂ ಎದ್ದಿರಲಿಲ್ಲ. ಈ ಕಣಿವೆಯಲ್ಲಿ ಚಳಿಗಾಲದ ಮಂಜು ಮಧ್ಯಾಹ್ನದವರೆಗೂ ಹುಲ್ಲುಗಾವಲ ಮೇಲೆ ದನಗಳ ಹಾಗೆ ಬಿದ್ದುಕೊಂಡಿರುತ್ತದೆ. ಬೇಲಿಯ ಕಂಬಗಳು ಒಂದಿಷ್ಟು ದೂರ ನಡೆದು ಹೋಗಿ ಮಾಯವಾಗುತ್ತವೆ. ಮಂಜು, ಎಂದುಕೊಂಡ ಆಲ್ವಿನ್. ಮಂಜೇ. ಬೆಳಿಗ್ಗೆ ನೆರೆಮನೆಯ ಯೂನಾಳಿಗೂ ಅದನ್ನೇ ಹೇಳಿದ್ದ. ಅವಳು ಮಂಜಿನ ಕಡೆಗೂ ನೋಡಲಿಲ್ಲ, ಅವನ ಕಡೆಗೂ ನೋಡಲಿಲ್ಲ.

"ಆಲ್ವಿನ್! ನೀರೆಲ್ಲ ಆವಿ ಆಗಿ ಹೋಗ್ತಿದೆ ಕಣೋ!" ಹೆಂಡತಿ ಎನಿಡ್ ಒಳಗಿನಿಂದ ಕೂಗಿದಳು. "ಕೆಟಲ್ ಸುಟ್ಟುಹೋದ್ರೆ ನಿನ್ನ ಕೋವಿ ಮಾರಿ ಹೊಸದು ತರ್ತೀನಿ ನೋಡ್ತಿರು."

"ಬಂದೆ, ಬಂದೆ."

"ಬಂದೆ ಬಂದೆ ಅಂತ ಮೂರು ಸಲ ಅಂದಾಯ್ತು. ನಿನ್ನ ಬಾಯಿ ಬರುತ್ತೆ, ಕಾಲು ಬರಲ್ಲ."

ಎದ್ದು ಹೋಗಿ ಕೆಟಲ್ ತಂದ. ಎನಿಡ್ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಯೂನಾಳ ಮನೆಯಲ್ಲಿ ಏನಾಯಿತೆಂದು ಅವಳು ಕೇಳಿರಲಿಲ್ಲ; ಕುದುರೆ ಸತ್ತ ಮನೆಗೆ ಹೋಗಿ ಬಂದವನನ್ನು ಏನೆಂದು ಕೇಳುವುದು? ಆಲಿಕೆಯನ್ನು ಕೋವಿಯ ಹಿಂಬದಿಗೆ ಸಿಕ್ಕಿಸಿ, ಕೆಳಬಾಯಿಯನ್ನು ಬಕೆಟ್ಟಿನಲ್ಲಿಟ್ಟು ಅವನು ಕುದಿನೀರನ್ನು ಸಣ್ಣಗೆ ಹೊಯ್ಯತೊಡಗಿದ. ಸೇನೆಯ ಹಳೆಯ ತೋಟೆಗಳ ಮದ್ದಿನಲ್ಲಿ ಒಂದು ಬಗೆಯ ಉಪ್ಪಿರುತ್ತದೆ, ಅದಕ್ಕೆ ಎಣ್ಣೆ ನಾಟುವುದಿಲ್ಲ, ಬಿಸಿನೀರೇ ಬೇಕು. ಇಲ್ಲದಿದ್ದರೆ ಬೆಳಗಾಗುವುದರೊಳಗೆ ನಳಿಗೆಯ ಒಳಗೆಲ್ಲ ತುಕ್ಕು ಅರಳಿರುತ್ತದೆ. ನೀರು ಬೂದಿಬಣ್ಣವಾಗಿ ಇಳಿಯಿತು. ಉಕ್ಕು ಕಾದು, ಮರದ ಕವಚದ ಮೂಲಕವೂ ಅಂಗೈಗೆ ಬಿಸಿ ತಾಕಿತು, ಜ್ವರ ಬಂದವರ ಕೈ ಹಿಡಿದ ಹಾಗೆ. ಆವಿಯೊಡನೆ ಸುಟ್ಟ ಮದ್ದಿನ ವಾಸನೆ ಎದ್ದು ಮುಖಕ್ಕೆ ಬಡಿದದ್ದೇ, ಒಗೆಯುವ ಕೋಣೆ ಕರಗಿಹೋಗಿ ಅವನು ಮತ್ತೆ ಯೂನಾ ಸ್ಟೋಕೆಲ್‌ಳ ಗೇಟಿನ ಬಳಿ ನಿಂತಿದ್ದ. ಬಿಷಪ್ ಮೂರು ಕಾಲಿನ ಮೇಲೆ ನಿಂತಿತ್ತು. ಯೂನಾಳ ಗಂಡ ಬದುಕಿದ್ದಾಗಲೇ ಮುದಿಯಾಗಿದ್ದ ಕುದುರೆ. ಮೂಗಿನವರೆಗೂ ಇಳಿದ ಬಿಳಿಪಟ್ಟೆಯಿಂದ, ಎಲ್ಲರನ್ನೂ ಮೇಲಿನಿಂದ ನೋಡುವ ಗತ್ತಿನಿಂದ ಆ ಹೆಸರು ಬಂದಿತ್ತು. ನಾಲ್ಕನೆಯ ಕಾಲು ಮೊಣಕಾಲಿನ ಕೆಳಗೆ ಗಾಳಿಗೆ ತೂಗುವ ಬಟ್ಟೆಯಂತೆ ಆಡುತ್ತಿತ್ತು. ಆದರೂ ಅದು ಹುಲ್ಲು ಅಗಿಯುತ್ತಿತ್ತು. ಅದೇ ಆಲ್ವಿನ್‌ನನ್ನು ಹೆದರಿಸಿದ್ದು. ಏನೂ ಆಗಿಲ್ಲವೆಂಬಂತೆ, ಬಾಯಿಯ ಒಂದು ಪಕ್ಕದಲ್ಲಿ, ನಿಧಾನವಾಗಿ.

ಫೋನಿನಲ್ಲಿ ಯೂನಾ ಹೇಳಿದ್ದು ಇಷ್ಟೇ: "ಬಿಷಪ್ ಹಳ್ಳಕ್ಕೆ ಬಿದ್ದು ಕಾಲು ಮುರ್ಕೊಂಡಿದಾನೆ. ದನದ ಡಾಕ್ಟರು ಬರೋದು ಸಾಯಂಕಾಲ ಅಂತೆ. ಅಲ್ಲಿವರೆಗೂ ಅವನನ್ನ ಹೀಗೆ ನಿಲ್ಲಿಸೋಕಾಗಲ್ಲ ನಂಗೆ. ನಿನ್ನ ಕೋವಿ ತಗೊಂಡ್ ಬಾ." ಕಣಿವೆಯಲ್ಲಿ ಇಂಥ ಕೆಲಸ ಬಂದಾಗಲೆಲ್ಲ ಜನ ಅವನನ್ನೇ ಕರೆಯುತ್ತಿದ್ದರು. ರಿಸೀವರ್ ಇಟ್ಟ ಮೇಲೆ, ಅಲ್ಮೇರಾದ ಬೀಗ ತೆಗೆಯುವಾಗ, ಎದೆಯಲ್ಲಿ ಸಣ್ಣದೊಂದು ಸಂತೋಷ ಮಿಸುಕಾಡಿತ್ತು: ನಾನಿನ್ನೂ ಬೇಕಾದವನು. ಈಗ ನೀರು ಹೊಯ್ಯುತ್ತ ಆ ಸಂತೋಷದ ನೆನಪಿಗೆ ಕಿವಿಗಳು ಕಾದವು. ಒಂದು ಪ್ರಾಣಿ ಕಾಲು ಮುರಿದುಕೊಂಡು ನಿಂತಿದೆ, ಒಬ್ಬಳು ಹೆಂಗಸು ಅಳದೆ ಇರಲು ಹಲ್ಲು ಕಚ್ಚಿ ಮಾತನಾಡುತ್ತಿದ್ದಾಳೆ, ಮತ್ತು ಇವನು ಕನ್ನಡಿಯ ಮುಂದೆ ಟೋಪಿ ಸರಿಮಾಡಿಕೊಂಡು ಹೊರಟಿದ್ದಾನೆ.

ಕೋವಿಯನ್ನು ಹತ್ತಿರ ತಂದರೆ ಬಿಷಪ್ ತಲೆ ಎಗರಿಸುತ್ತಿತ್ತು. ಹಣೆಗೆ ತಾಕಿಸುವಷ್ಟು ಹತ್ತಿರ ಹೋಗಬೇಕಾಗಿತ್ತು, ಅವನು ಹೋಗಲಿಲ್ಲ. ಹಿಂದೆ ಸರಿದು, ಗೇಟಿನ ಈಚೆ ನಿಂತ. ಯೂನಾ ಉದ್ದನೆಯ ಹಗ್ಗ ಹಿಡಿದು, ಒಂದು ಕೈಯನ್ನು ಗೇಟಿನ ಕಂಬದ ಮೇಲಿಟ್ಟು, ಕುದುರೆಗೆ ಏನೋ ಹೇಳುತ್ತಿದ್ದಳು. ಅವನು ಕೋವಿಯನ್ನು ಹೆಗಲಿಗೆ ತಂದ. ಹಿಂದಿನ ಸಂದಿನಿಂದ ಮುಂದಿನ ಮೊನೆಯನ್ನು ಕಾಣಬೇಕು, ಮೊನೆಯ ಮೇಲೆ ಹಣೆಯ ಬಿಳಿಪಟ್ಟೆ ಕೂರಬೇಕು. ಹುಡುಗನಾಗಿದ್ದಾಗಿನಿಂದ ಮಾಡಿದ ಕೆಲಸ. ಆದರೆ ಮೊನೆ ಎಲ್ಲಿ ಬರಬೇಕೋ ಅಲ್ಲಿ ಸರಿಯಾಗಿ ಮಂಜಿನ ಒಂದು ಉಂಡೆ ಬಂದು ನಿಂತಿತು. ಹಣೆ ಕರಗಿತು. ಸುತ್ತಲಿನದೆಲ್ಲ ಇತ್ತು, ಬೇಲಿ ಇತ್ತು, ಕುದುರೆಯ ಕಿವಿಯಿತ್ತು, ಯೂನಾಳ ಕೆಂಪು ಸ್ಕಾರ್ಫ್ ಇತ್ತು. ನಡುವಿನದು ಮಾತ್ರ ಇರಲಿಲ್ಲ. ಕಾಯುತ್ತೇನೆ, ಮಂಜು ಸರಿಯಲಿ ಎಂದುಕೊಂಡ. ಸರಿಯಲಿಲ್ಲ. ಯೂನಾ "ಆಲ್ವಿನ್, ಬೇಗ" ಎಂದಳು. ಬೆರಳು ತನ್ನ ಕೆಲಸ ಮಾಡಿತು.

ಆಮೇಲಿನದು ಸದ್ದಿಲ್ಲದೆ ನಡೆದ ಹಾಗೆ ನೆನಪಿತ್ತು. ಬಿಷಪ್ ಮೂರು ಕಾಲಿನಲ್ಲೇ ಬೆದರಿ ಎಗರಿದ್ದು, ಯೂನಾ ಹಗ್ಗ ಬಿಡದೆ ಕೆಸರಿನಲ್ಲಿ ಜಾರಿದ್ದು. ಆಮೇಲೆ ಅವಳು ಹಗ್ಗವನ್ನು ಗೇಟಿಗೆ ಸುತ್ತಿ, ನಡೆದು ಬಂದು ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ. ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ, ಮೆತ್ತಗೆ. ತಾನೇ ಬೋಲ್ಟು ಎಳೆದು ತಳ್ಳಿ, ಕುದುರೆಯ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಕಿವಿಯಲ್ಲಿ ಏನೋ ಹೇಳಿದಳು. ಅದು ತಲೆ ಎಗರಿಸಲಿಲ್ಲ. ಒಂದೇ ಗುಂಡು. ಬಿಷಪ್ ಯೋಚಿಸಿ ಮಂಡಿಯೂರಿದ ಹಾಗೆ ಕೆಳಗಿಳಿಯಿತು. ಅವಳು ತಿರುಗಿ ಬಂದು, ಎರವಲು ತಂದ ಬಕೆಟ್ಟನ್ನು ವಾಪಸ್ಸು ಕೊಡುವ ಹಾಗೆ ಕೋವಿಯನ್ನು ಅವನ ಕೈಗಿಟ್ಟಳು. "ಮನೆಗೆ ಹೋಗು ಆಲ್ವಿನ್. ಥಂಡಿ ಗಾಳಿ. ತೊಳಿ ಅದನ್ನ, ತುಕ್ಕು ಹಿಡಿಯುತ್ತೆ." ಮಂಜು, ಎಂದ ಅವನು. ಅವಳು ಆಗಲೇ ಕುದುರೆಯ ಪಕ್ಕ ಕೂತಿದ್ದಳು. ಅವನು ಮನೆಗೆ ಬಂದು, ಹೇಳಿದ್ದನ್ನು ಮಾಡುವ ಶಾಲೆಯ ಹುಡುಗನಂತೆ ತೊಳೆಯುತ್ತಿದ್ದ.

ಹುರಿಯ ತೂಕವನ್ನು ನಳಿಗೆಯೊಳಕ್ಕೆ ಇಳಿಬಿಟ್ಟ. ಅದು ಒಳಗೆಲ್ಲೋ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ತಡವರಿಸುತ್ತ ಇಳಿದು ಕೆಳಗೆ ಟಣ್ಣೆಂದಿತು. ಹುರಿಯ ಕುಣಿಕೆಗೆ ಚಿಂದಿ ಸಿಕ್ಕಿಸಿ ಎಳೆದ. ಕರಿಯ ಚಿಂದಿ. ಇನ್ನೊಂದು. ಯುದ್ಧ ಮುಗಿದ ಮೇಲೆ ಸೇನೆ ತನ್ನ ಮಿಕ್ಕ ಸಾಮಾನನ್ನೆಲ್ಲ ಹೊರಗೆ ಹಾಕಿ ಮಾರಿದಾಗ ಕೊಂಡ ಕೋವಿ ಇದು; ಕಂಬಳಿ, ಬೂಟು, ಡೇರೆಗಳ ರಾಶಿಯ ಪಕ್ಕದಲ್ಲಿ, ಸೌದೆಯಂತೆ ಪೇರಿಸಿಟ್ಟಿದ್ದರು. ಎಲ್ಲವೂ ಒಂದೇ ತರಹ. ಆದರೂ ಅವನು ಒಂದೊಂದನ್ನೇ ಎತ್ತಿ ಮೂಸಿ ನೋಡಿದ್ದ. ಅಣ್ಣ ರಾಯ್ ಕ್ರೀಟ್ ದ್ವೀಪದ ಕಾಳಗದಿಂದ ವಾಪಸ್ಸು ಬಂದಿರಲಿಲ್ಲ. ಜಮೀನಿಗೆ ಒಬ್ಬ ಗಂಡಾಳು ಬೇಕೆಂದು ಸರ್ಕಾರವೇ ಆಲ್ವಿನ್‌ನನ್ನು ಮನೆಯಲ್ಲಿ ಬಿಟ್ಟಿತ್ತು. ರಾಶಿಯಲ್ಲಿ ರಾಯ್‌ನದು ಇರಲಾರದೆಂದು ಗೊತ್ತಿತ್ತು. ಈ ಕೋವಿಯ ಹಿಡಿಯ ಮೇಲೆ ಯಾರೋ ಚಾಕುವಿನಿಂದ ಗೀರಿದ ಗುರುತುಗಳಿದ್ದವು. ಪಬ್ಬಿನಲ್ಲಿ ಯಾರಾದರೂ ಆ ಗೀರುಗಳ ಮೇಲೆ ಬೆರಳಾಡಿಸಿ, "ಎಷ್ಟು ಜನಾನ ಆಲ್ವಿನ್?" ಎಂದು ತಗ್ಗಿದ ದನಿಯಲ್ಲಿ ಕೇಳಿದರೆ, ಅವನು ಗ್ಲಾಸಿನ ಕಡೆ ನೋಡುತ್ತ ಸುಮ್ಮನಿರುತ್ತಿದ್ದ. ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದುದು ಸುಳ್ಳಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು.

ಚಿಂದಿ ಬೂದಿಬಣ್ಣಕ್ಕೆ ತಿರುಗಿತು, ಆಮೇಲೆ ಹಾಲಿನಂತೆ ಬೆಳ್ಳಗೆ ಹೊರಬಂತು. ಆಲ್ವಿನ್ ನಳಿಗೆಯ ಬಾಯನ್ನು ಕಿಟಕಿಗೆ ಹಿಡಿದು ಹಿಂಬದಿಯಿಂದ ಇಣುಕಿದ. ಕೋವಿ ತೊಳೆಯುವ ಕೆಲಸದಲ್ಲಿ ಅವನಿಗೆ ಹಿಡಿಸಿದ್ದು ಈ ಒಂದು ಗಳಿಗೆ: ಸುರುಳಿ ಸುರುಳಿಯಾಗಿ ಕೊರೆದ ಗೀರುಗಳು ಬೆಳಕನ್ನು ಸುತ್ತಿಕೊಂಡು, ದೂರದ ಒಂದು ಬಿಳಿ ಚುಕ್ಕೆಯವರೆಗೆ ತಿರುಗುತ್ತ ಹೋಗುವುದು, ಅದರೊಳಕ್ಕೆ ತಾನೇ ಸಣ್ಣವನಾಗಿ ನಡೆದುಹೋಗಬಹುದು ಎನ್ನಿಸುವುದು. ಇವತ್ತು ಬೆಳಕು ಅಂಚಿನಲ್ಲಿ ಮಾತ್ರ ಇತ್ತು. ನಡುವೆ ಒಂದು ಕಲೆ. ಹಾಳಾದ ತೋಟೆಗಳು ಎಂದು ಬಯ್ದುಕೊಂಡು ಮತ್ತೆ ಎಣ್ಣೆ ಬಿಟ್ಟು ಎಳೆದ. ಬಿಳಿ ಚಿಂದಿ. ಇಣುಕಿದ. ಕಲೆ. ಹೊಸ ಚಿಂದಿ ಸಿಕ್ಕಿಸಿ ಹಲ್ಲು ಕಚ್ಚಿ ಎಳೆದ, ಹುರಿ ಅಂಗೈ ಕೊಯ್ಯುವಷ್ಟು. ಬಿಳಿ. ಹಿಮದಷ್ಟು ಬಿಳಿ. ಕಲೆ ಅಲ್ಲೇ ಇತ್ತು, ಬೆಳಿಗ್ಗೆ ಬಿಷಪ್‌ನ ಹಣೆಯ ಮೇಲೆ ಕೂತಿದ್ದ ಅದೇ ಗಾತ್ರದ್ದು, ಅದೇ ಬಣ್ಣದ್ದು. ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಹೋದ ಬೇಸಿಗೆ, "ಆಲ್ವಿನ್, ನಿನ್ನ ಗುಂಡು ಪಕ್ಕದವನ ಹಲಗೆಗೆ ನೆಂಟಸ್ತನಕ್ಕೆ ಹೋಗಿದೆ ಮಾರಾಯ!" ಎಂದು ಯಾರೋ ಕೂಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಚರ್ಚಿನಲ್ಲಿ ಹಾಡಿನ ಸಂಖ್ಯೆ ತಪ್ಪಿದಾಗ ಕನ್ನಡಕವನ್ನು ಬಯ್ದಿದ್ದ, ಟ್ರಕ್ಕಿನ ಕನ್ನಡಿ ಅಂಚೆಪೆಟ್ಟಿಗೆಗೆ ತಾಗಿದಾಗ ಅಂಚೆಪೆಟ್ಟಿಗೆಯನ್ನು. ಕಾರಣಗಳಿಗೇನು, ಬೇಕಾದಷ್ಟಿದ್ದವು.

ಕೋವಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಕಡೆ ನೋಡಿದ. ಅದರಲ್ಲೊಂದು ದೀಪಸ್ತಂಭದ ಚಿತ್ರವಿತ್ತು. ಸಮುದ್ರವಿತ್ತು, ಬಂಡೆಯಿತ್ತು, ಆಕಾಶವಿತ್ತು, ದೀಪಸ್ತಂಭ ಇರಲಿಲ್ಲ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. ದೀಪಸ್ತಂಭ ಬಂತು, ಸಮುದ್ರದ ಒಂದು ಚೂರು ಹೋಯಿತು. ಕಲೆ ಕಿಟಕಿಗೆ ಬಂತು, ಕಿಟಕಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ತನ್ನದೇ ಅಂಗೈಯ ನಡುವಿಗೆ, ನೋಡಿದಲ್ಲಿಗೆಲ್ಲ ಸಾಕಿದ ನಾಯಿಯಂತೆ ಹಿಂಬಾಲಿಸಿತು. ಎಡಗಣ್ಣು ಮುಚ್ಚಿದರೆ ದೊಡ್ಡದು, ಬಲಗಣ್ಣು ಮುಚ್ಚಿದರೆ ಚಿಕ್ಕದು. ಕಿಟಕಿಯ ಆಚೆ ಮಂಜು ಯಾವಾಗಲೋ ಎದ್ದುಹೋಗಿ ಬಿಸಿಲು ಬಿದ್ದಿತ್ತು. ಅವನಿಗೆ ಭಯವಾಗಲಿಲ್ಲ, ನಿದ್ದೆಯ ಅಂಚಿನಲ್ಲಿ ಆಗುವಂಥ ವಿಚಿತ್ರವಾದ ಹಗುರವೊಂದು ಆವರಿಸಿತು. ಹಾಗಾದರೆ ಕೋವಿ ಶುಭ್ರವಾಗಿದೆ. ಎಷ್ಟು ಹೊತ್ತಿನಿಂದಲೋ ಶುಭ್ರವಾಗಿಯೇ ಇತ್ತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ತಣ್ಣಗೆ ಎದ್ದುಬಂತು: ಮೊದಲನೆಯ ಗುಂಡು ಎಲ್ಲಿ ಹೋಯಿತು?

ಉತ್ತರ ತಾನಾಗಿ ನಡೆದು ಬಂತು. ಹಿತ್ತಿಲ ಬಾಗಿಲು ತಳ್ಳಿಕೊಂಡು ಯೂನಾ ಒಳಗೆ ಬಂದಳು. ರಬ್ಬರ್ ಬೂಟಿನ ತುಂಬ ಕೆಸರು. ಅವನ ಟೋಪಿಯನ್ನು ಒಗೆಯುವ ಹಲಗೆಯ ಮೇಲೆ ಇಟ್ಟಳು. ಟೋಪಿ ಬಿಟ್ಟು ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಟೋಪಿಯ ಪಕ್ಕದಲ್ಲಿ, ಜೇಬಿನಿಂದ ತೆಗೆದು, ಜಜ್ಜಿದ ಲೋಹದ ಒಂದು ಚೂರನ್ನು ಇಟ್ಟಳು.

"ಗೇಟಿನ ಕಂಬದಿಂದ ತೆಗೆದೆ," ಎಂದಳು. "ಉಳಿ ಹಾಕಿ ತೆಗೀಬೇಕಾಯ್ತು."

"ಯಾವ ಕಂಬ?"

"ಯಾವ ಕಂಬ ಅಂದ್ರೆ? ನಾನು ಕೈ ಇಟ್ಟಿದ್ದೆನಲ್ಲ, ಆ ಕಂಬ. ನನ್ನ ಕೈಗೂ ಅದಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ." ಕೈಯನ್ನು ಎತ್ತಿ ತೋರಿಸಿದಳು. ಹಸ್ತದ ಹಿಂಬದಿಯಲ್ಲಿ ಮರದ ಸಿಬಿರು ಚುಚ್ಚಿದ ಸಣ್ಣ ಸಣ್ಣ ಗಾಯಗಳಿದ್ದಿರಬೇಕು. ಅವನಿಗೆ ಕೈಯ ಅಂಚು ಮಾತ್ರ ಕಂಡಿತು.

"ಯೂನಾ, ಆ ಮಂಜು..."

"ಮಂಜಿನ ಮನೆ ಹಾಳಾಗ! ಮಂಜಲ್ಲಿ ನಂಗೆ ನಿನ್ನ ಷರ್ಟಿನ ಗುಂಡಿ ಕಾಣ್ತಿತ್ತು. ಕೋವಿ ಬಾಯಿ ನನ್ನ ಕಡೆ ತಿರುಗಿದ್ದೂ ಕಾಣ್ತಿತ್ತು."

"ಕೂಗಬಾರದಿತ್ತಾ?"

"ಕೂಗಿದ್ರೆ ಬಿಷಪ್ ಎಗರ್ತಿದ್ದ. ಮೂರು ಕಾಲಲ್ಲಿ ನಿಂತಿದ್ದ ಪಾಪ." ಅವಳ ದನಿ ಅಲ್ಲಿ ಒಮ್ಮೆ ಕುಸಿದು, ಮತ್ತೆ ಎದ್ದು ನಿಂತಿತು. "ಮೊದಲು ಕೋಪ ಬಂತು. ಆಮೇಲೆ ಅವನ ಪಕ್ಕ ಕೂತ್ಕೊಂಡು ಯೋಚನೆ ಮಾಡಿದೆ. ಗುರಿ ತಪ್ಪೋದು ಬೇರೆ ಆಲ್ವಿನ್, ಕಾಣದೇ ಇರೋದು ಬೇರೆ. ಎಷ್ಟು ದಿನದಿಂದ?"

ಅವನು ಚಿಂದಿಯಿಂದ ಬೋಲ್ಟನ್ನು ಒರೆಸತೊಡಗಿದ. ಆಗಲೇ ಒರೆಸಿದ್ದ ಬೋಲ್ಟು. "ಇವತ್ತು ಗೊತ್ತಾಯ್ತು," ಎಂದ. ಅದು ನಿಜವೂ ಆಗಿತ್ತು, ನಿಜವಲ್ಲದೆಯೂ ಇತ್ತು.

"ಎನಿಡ್‌ಗೆ?"

"ಗೊತ್ತಿಲ್ಲ."

"ಆ ಟ್ರಕ್ ಓಡಿಸ್ತೀಯ. ಪಕ್ಕದಲ್ಲಿ ಅವಳು ಮಡಿಲಲ್ಲಿ ಮೊಟ್ಟೆ ಬುಟ್ಟಿ ಇಟ್ಕೊಂಡು ಕೂತಿರ್ತಾಳೆ." ಯೂನಾ ಲೋಹದ ಚೂರನ್ನು ಬೆರಳಿನಿಂದ ಅವನ ಕಡೆಗೆ ತಳ್ಳಿದಳು. "ನಾನು ಇದನ್ನ ಊರಿಗೆಲ್ಲ ತೋರಿಸ್ಕೊಂಡು ಬರಲ್ಲ. ಆದ್ರೆ ಸಾಯಂಕಾಲ ಕೆನೆ ತಗೊಳ್ಳೋಕೆ ಬರ್ತೀನಿ. ಅಷ್ಟರೊಳಗೆ ಅವಳಿಗೆ ನೀನೇ ಹೇಳಿರಬೇಕು. ಇಲ್ಲಾಂದ್ರೆ ಈ ಬಾಯಿ ಹೇಳುತ್ತೆ."

ಬಾಗಿಲ ಬಳಿ ನಿಂತು, ತಿರುಗದೆಯೇ, "ಕರೆದವಳು ನಾನೇ," ಎಂದಳು. "ನಿನ್ನ ಹತ್ರ ಕೋವಿ ಇದೆ ಅಂತ ಕರೆದೆ. ಕಣ್ಣಿದೆಯಾ ಅಂತ ಯಾರೂ ಕೇಳಲ್ವಲ್ಲ." ಹೊರಟುಹೋದಳು. ಅವಳು ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕ್ಷಮಿಸಲಾಗದಂಥದು ಆಗಲಿಲ್ಲವೆಂದರೆ, ಅದು ಒಂದು ಗೇಣಿನ ದಯೆ. ಆಲ್ವಿನ್ ಚೂರನ್ನು ಎತ್ತಿಕೊಂಡ. ಅದು ಅವಳ ಜೇಬಿನ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ಕಣ್ಣು ಮುಚ್ಚಿದರೆ ಯೂನಾ ಗೇಟಿನ ಬಳಿ ನಿಧಾನವಾಗಿ ಮಂಡಿಯೂರಿ ಕೆಳಗಿಳಿಯುತ್ತಿದ್ದಳು, ಕೆಂಪು ಸ್ಕಾರ್ಫ್, ಬಾಯಿಯ ಪಕ್ಕದಲ್ಲಿ ಹುಲ್ಲು. ತೆರೆದರೆ ಕ್ಯಾಲೆಂಡರಿನ ಸಮುದ್ರ. ಎಷ್ಟು ಹೊತ್ತು ಹಾಗೆ ಮುಚ್ಚಿ ತೆರೆದು ಮಾಡುತ್ತಿದ್ದನೋ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎನಿಡ್ ಬಾಗಿಲಲ್ಲಿ ನಿಂತಿದ್ದಳು.

"ಯೂನಾ ಬಂದ ಹಾಗಿತ್ತಲ್ಲ? ಒಂದು ಕಪ್ ಟೀ ಕುಡಿದು ಹೋಗು ಅನ್ನೋಕೂ ಬಾಯಿ ಬರಲ್ವಾ ನಿನಗೆ?"

"ಎನಿಡ್, ಇದನ್ನ ಸ್ವಲ್ಪ ನೋಡು." ಕೋವಿಯ ಹಿಂಬದಿಯನ್ನು ಅವಳ ಕಡೆಗೆ ಹಿಡಿದ. "ಇಲ್ಲಿಂದ. ಆ ಕಡೆ ಬೆಳಕಿಗೆ."

ಮದುವೆಯಾದಾಗಿನಿಂದ ಆ ಕೋವಿಯನ್ನು ಮುಟ್ಟದವಳು ಅನುಮಾನದಿಂದ ಬಗ್ಗಿ, ಒಂದು ಕಣ್ಣು ಮುಚ್ಚಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದಳು ಮೆಲ್ಲಗೆ. "ಶಂಖದೊಳಗೆ ನೋಡಿದ ಹಾಗಿದೆ. ಇಷ್ಟು ದಿನ ನೀನೊಬ್ಬನೇ ನೋಡ್ಕೊತಿದ್ದೆಯಾ ಇದನ್ನ?"

"ನಡುವೆ ಕಲೆ ಇದೆಯಾ?"

"ಏನೂ ಇಲ್ಲ. ಕನ್ನಡಿ."

"ನನಗೆ ಕಾಣ್ತಿದೆ," ಎಂದ ಆಲ್ವಿನ್. ಆಮೇಲೆ ಹೇಳಿದ. ಕುದುರೆ, ಕಂಬ, ಯೂನಾಳ ಕೈ, ಅಂಚೆಪೆಟ್ಟಿಗೆ, ಚರ್ಚಿನ ಹಾಡು, ಎಲ್ಲವೂ ಹಿಂದುಮುಂದಾಗಿ ಬಂದವು. ಅವಳು ಕಿರುಚುತ್ತಾಳೆ, ಬಯ್ಯುತ್ತಾಳೆ, ಟ್ರಕ್ಕಿನ ಬೀಗದ ಕೈ ಕಿತ್ತುಕೊಳ್ಳುತ್ತಾಳೆ ಎಂದು ಕಾದ. ಎನಿಡ್ ಅವನು ಬಿಟ್ಟೆದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅದಕ್ಕೇನಾ?" ಎಂದಳು.

"ಯಾವುದಕ್ಕೆ?"

"ಹೋದ ಚಳಿಗಾಲದಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ. ನನ್ನ ಕಿವಿ ಜೊತೆ ಮಾತಾಡ್ತೀಯ. ಇಲ್ಲಾಂದ್ರೆ ನನ್ನ ಹಿಂದಿರೋ ಗೋಡೆ ಜೊತೆ. ಮುದುಕಿ ಆದೆ, ಇವನಿಗೆ ನನ್ನ ನೋಡೋಕಾಗ್ತಿಲ್ಲ ಅಂದ್ಕೊಂಡೆ. ಲಾನ್ಸೆಸ್ಟನ್ ಪೇಟೆಗೆ ಹೋಗಿ ಕೂದಲಿಗೆ ಬಣ್ಣ ಹಾಕಿಸ್ಕೊಂಡು ಬಂದೆ, ಗೊತ್ತಾ? ಬಾಗಿಲಲ್ಲೇ ನಿಂತಿದ್ದೆ. ನೀನು ಆ ಕಡೆ ಮುಖ ತಿರುಗಿಸ್ಕೊಂಡು, ಕುರಿಮರಿಗೆ ಹಾಲು ಕುಡಿಸಿದ್ಯಾ ಅಂದೆ." ನಗಲು ಹೋದಳು, ಆಗಲಿಲ್ಲ. "ಅವತ್ತು ರಾತ್ರಿ ಪೂರ್ತಿ ಅತ್ತಿದೀನಿ ಕಣೋ."

ಆಲ್ವಿನ್ ನಿಂತಲ್ಲಿಯೇ ನಿಂತ. ಅವನ ಒಳಗೆಲ್ಲೋ ಬಹಳ ಹಳೆಯ ಕೋಣೆಯೊಂದರ ಬಾಗಿಲು, ಯಾರೂ ತಳ್ಳದೆ, ತೆರೆದುಕೊಂಡಿತು. ಅಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ರಾಯ್ ಸತ್ತನೆಂಬ ತಂತಿ ಬಂದ ಮೇಲಿನ ವರ್ಷಗಳು. ಅವನು ಒಳಗೆ ಬಂದು ಎದುರಿಗೆ ಕೂತರೆ ಅವಳು ಮೆಲ್ಲಗೆ ಮುಖವನ್ನು ಪರದೆಯ ಕಡೆಗೆ ತಿರುಗಿಸುತ್ತಿದ್ದಳು. ಅವನು ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡರೆ ಅವಳ ಮುಖ ಈ ಕಡೆಗೆ ತಿರುಗುತ್ತಿತ್ತು. ಹೋದ ಮಗನ ಬದಲು ಉಳಿದ ಮಗನ ಮುಖ ನೋಡಲು ಅವಳಿಂದಾಗುತ್ತಿಲ್ಲ ಎಂದು ಅವನು ತಿಳಿದುಕೊಂಡ. ಯಾರನ್ನೂ ಕೇಳಲಿಲ್ಲ, ಕೇಳುವಂಥದಾಗಿರಲಿಲ್ಲ. ದಿನಾ ಹೋಗುವುದನ್ನು ಬಿಟ್ಟು ಭಾನುವಾರ ಮಾತ್ರ ಹೋಗತೊಡಗಿದ. ಆಮೇಲೆ ಕೂರುವುದನ್ನೂ ಬಿಟ್ಟು ಬಾಗಿಲಲ್ಲೇ ನಿಂತು, ಸೌದೆ ಬೇಕಾ, ಔಷಧಿ ಇದೆಯಾ ಎಂದು ಕೇಳಿ ಹೊರಡುತ್ತಿದ್ದ. ಅವಳು ಪರದೆಯ ಕಡೆ ತಿರುಗಿ, "ತೆಳ್ಳಗಾಗಿದೀಯಲ್ಲೋ," ಎನ್ನುತ್ತಿದ್ದಳು. ನೋಡದೆಯೇ ಹೇಳುತ್ತಾಳೆ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಬಟ್ಟಲಿನ ಅಂಚನ್ನು ಬೆರಳಿನಿಂದ ಹುಡುಕಿಕೊಂಡು ಆಮೇಲೆ ತುಟಿಗೆ ತರುತ್ತಿದ್ದ ಅವಳ ಕೈಯನ್ನು ಅವನು ಎಷ್ಟೋ ಸಲ ನೋಡಿದ್ದ, ಮತ್ತು ಏನನ್ನೂ ನೋಡಿರಲಿಲ್ಲ. ತೆಳ್ಳಗಾಗಿದ್ದುದು ನಿಜ; ಅವಳ ಕಣ್ಣ ನಡುವೆಯೂ ಇಂಥದೇ ಕಲೆಯಿತ್ತು, ಅಂಚಿನಿಂದ ನೋಡಿಯೇ ಹೇಳುತ್ತಿದ್ದಳು. ಅವಳು ಮುಖ ತಿರುಗಿಸಿದ್ದು ಅವನಿಂದ ದೂರಕ್ಕಲ್ಲ, ಅವನ ಕಡೆಗೆ. ಆ ಕುರ್ಚಿಯಿಂದ ಅವಳಿಗೆ ಮಗನ ಹತ್ತಿರ ಬರಲು ಇದ್ದ ದಾರಿ ಅದೊಂದೇ. ಅವನು ಬಾಗಿಲಲ್ಲಿ ನಿಂತಿದ್ದ.

"ಏನಾಯ್ತೋ?" ಎನಿಡ್ ಗಾಬರಿಯಿಂದ ಎದ್ದಳು. "ಬೆಳ್ಳಗಾಗಿಬಿಟ್ಯಲ್ಲ. ನಾಳೆನೇ ಡಾಕ್ಟರ ಹತ್ರ ಹೋಗೋಣ. ಯೂನಾ ಕರ್ಕೊಂಡು ಹೋಗ್ತಾಳೆ, ಟ್ರಕ್ ಮುಟ್ಟಬೇಡ ನೀನು. ಆಲ್ವಿನ್? ಏನಾದ್ರೂ ಹೇಳು."

"ಅಲ್ಲೇ ನಿಂತ್ಕೊ," ಎಂದ. "ಅಲ್ಲಾಡಬೇಡ."

ಅವನು ಅವಳಿಂದ ಮುಖ ತಿರುಗಿಸಿ ಹಿತ್ತಿಲಿನ ಬಾಗಿಲ ಕಡೆ ನೋಡಿದ. ಹುಲ್ಲಿನ ಮೇಲೆ ಬಿಸಿಲಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ ಮ್ಯಾಗ್‌ಪೈ ಹಕ್ಕಿಯೊಂದು ಕೂತಿದ್ದಿರಬಹುದು, ಅದು ಕಲೆಯೊಳಗೆ ಹೋಯಿತು, ಹೋಗಲಿ. ಕಣ್ಣಿನ ಅಂಚಿನಲ್ಲಿ, ನಿಧಾನವಾಗಿ, ನೀರಿನ ತಳದಿಂದ ಮೇಲೇಳುವ ಹಾಗೆ ಎನಿಡ್ ಬಂದಳು. ಇಡೀ ಎನಿಡ್. ಗಲ್ಲದ ಮೇಲೆ ಹಿಟ್ಟು, ಒದ್ದೆಯಾದ ರೆಪ್ಪೆ, ಯಾವಾಗಲೋ ಒಂದು ಸಲ ಕೆಂಚು ಬಣ್ಣ ಹಾಕಿಸಿಕೊಂಡ ಕೂದಲು.

"ಎಲ್ಲಿ ನೋಡ್ತಿದೀಯ?" ಎಂದಳು ಅವಳು.

"ನಿನ್ನನ್ನೇ. ಬುಡದಲ್ಲಿ ಬಣ್ಣ ಬಿಟ್ಟಿದೆ. ಎರಡು ಬೆರಳು ಬಿಳಿ."

ಎನಿಡ್ ಹಿಟ್ಟಿನ ಕೈಯನ್ನು ತಲೆಗೆ ಒಯ್ದಳು. ಮತ್ತೆ, ಅವನು ಹೇಳಿದ್ದು ನೆನಪಾಗಿ, ಆ ಕೈಯನ್ನು ಕೆಳಗಿಳಿಸಿ, ನಿಂತ ಹಾಗೇ ನಿಂತಳು.